ಮಷೀನಿನ ನೀರು ಸಿಂಕಿಗೆ ಯಾಕೆ ಬಂತು?

ಭಾನುವಾರ ಬೆಳಿಗ್ಗೆ ಅಕ್ಕನ ಫೋನ್ ಬಂತು. "ತಮ್ಮಾ, ವಾಷಿಂಗ್ ಮಷೀನಿನ ನೀರೆಲ್ಲಾ ಸಿಂಕಿನ್ಯಾಗ ಬರ್ಲಾಕತ್ತದ. ಲಗೂನ ಬಾ." ಕಲಬುರಗಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ಹತ್ತು ನಿಮಿಷದ ದಾರಿ. ಹೋಗಿ ನೋಡಿದರೆ ಸಿಂಕಿನಲ್ಲಿ ಅರ್ಧದವರೆಗೆ ಬೂದು ಬಣ್ಣದ ನೀರು, ಮೇಲೆ ನೊರೆ. ತಳದಲ್ಲಿ ರಾತ್ರಿ ನೆನೆಯಲು ಇಟ್ಟಿದ್ದ ರೊಟ್ಟಿ ಹಿಟ್ಟಿನ ಪರಾತ ಮುಳುಗಿತ್ತು.

ಅಷ್ಟರಲ್ಲೇ ಪಕ್ಕದ ಮನೆಯ ಹಿರಿಯರೊಬ್ಬರು ಬಂದು ಹೇಳಿ ಹೋಗಿದ್ದರಂತೆ. ಹೊರಗೆ ಹೋಗಬೇಕಾದ ನೀರು ಮನೆಯೊಳಗೆ ಬರಬಾರದು, ಸಿಂಕಿನ ದಿಕ್ಕು ಸರಿ ಇಲ್ಲ, ಅದನ್ನು ಬೇರೆ ಗೋಡೆಗೆ ಹಾಕಿಸಿ ಅಂತ. ಅಕ್ಕ ಪೂರ್ತಿ ನಂಬಿರಲಿಲ್ಲ, ಆದರೆ ಹೆದರಿದ್ದಳು. ನನಗೆ ಬೇಜಾರಾಗಿದ್ದು ಇಲ್ಲೇ. ಗೋಡೆ ಒಡೆಸಿ, ಟೈಲ್ಸ್ ಕೀಳಿಸಿ ದುಡ್ಡು ಸುರಿದ ಮೇಲೂ ಹೊಸ ಸಿಂಕಿನಲ್ಲಿ ಅದೇ ನೀರು ಬರುತ್ತಿತ್ತು. ಈಶಾನ್ಯ, ಆಗ್ನೇಯ ನೀರಿಗೆ ಲೆಕ್ಕಕ್ಕಿಲ್ಲ. ಅದು ನೋಡುವುದು ಎತ್ತರವನ್ನು.

ಮನೆ ಕಟ್ಟುವಾಗ ಗೌಂಡಿಗಳು ಲೆವೆಲ್ ಹಿಡಿಯುವುದನ್ನು ನೋಡಿದ್ದೀರಲ್ವಾ? ಉದ್ದದ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಂದು ತುದಿ ಇವನು, ಇನ್ನೊಂದು ತುದಿ ಅವನು ಹಿಡಿಯುತ್ತಾರೆ. ನಡುವೆ ಪೈಪ್ ಎಷ್ಟೇ ಡೊಂಕಾಗಿ ಬಿದ್ದಿರಲಿ, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಕ್ಕನ ಮನೆಯ ಗೋಡೆಯೊಳಗೂ ಅಂಥದ್ದೇ ಪೈಪ್ ಇದೆ. ಒಂದು ತುದಿ ಮಷೀನಿನ ಹೋಸ್ ಹಾಕಿದ ಪೈಪಿನ ಬಾಯಿ, ಇನ್ನೊಂದು ತುದಿ ಸಿಂಕಿನ ತೂತು. ಎರಡೂ ಸೇರಿದ ಮೇಲೆ ಒಂದೇ ಪೈಪ್ ಹೊರಗಿನ ಚೇಂಬರಿಗೆ ಹೋಗುತ್ತದೆ. ಆ ಕೊನೆಯ ಪೈಪ್ ಕಟ್ಟಿಕೊಂಡರೆ ನೀರು ಎರಡೂ ಕಡೆ ಏರುತ್ತದೆ. ಯಾವ ಬಾಯಿ ತಗ್ಗಿನಲ್ಲಿದೆಯೋ ಅಲ್ಲಿಂದ ಹೊರಬರುತ್ತದೆ. ಇಲ್ಲಿ ತಗ್ಗಿನಲ್ಲಿದ್ದದ್ದು ಸಿಂಕ್. ಮಷೀನಿನ ತಪ್ಪೇನೂ ಇಲ್ಲ.

"ಹಂಗಾದ್ರ ದಿನಾ ಭಾಂಡಿ ತೊಳಿವಾಗ ಯಾಕ ಬರಲ್ಲ?" ಅಂತ ಅಕ್ಕ ಕೇಳಿದಳು. ಒಳ್ಳೆಯ ಪ್ರಶ್ನೆ. ಹತ್ತು ಲೀಟರಿನ ಬಕೆಟನ್ನು ಬಚ್ಚಲಿನ ನಲ್ಲಿ ಕೆಳಗೆ ಇಟ್ಟು ಗಡಿಯಾರ ನೋಡಿದೆವು. ತುಂಬಲು ಒಂದೂವರೆ ನಿಮಿಷ ಬೇಕಾಯಿತು. ಅಂದರೆ ನಿಮಿಷಕ್ಕೆ ಏಳು ಲೀಟರಿನ ಆಸುಪಾಸು. ಸಿಂಕಿನ ನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಮಷೀನಿನ ಪಂಪ್ ಅದರ ಎರಡು ಪಟ್ಟಿಗೂ ಜಾಸ್ತಿ ನೀರನ್ನು ಒಂದೇ ಸಲ ದಬ್ಬುತ್ತದೆ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆದ ಮೇಲೆ ಜನ ಮನೆಗೆ ಹೊರಡುವುದನ್ನು ನೆನೆಸಿಕೊಳ್ಳಿ. ನಾಲ್ಕು ನಾಲ್ಕು ಜನ ಬಂದರೆ ಸಣ್ಣ ಗಲ್ಲಿಯೂ ಸಾಕು. ಸಾವಿರ ಜನ ಒಟ್ಟಿಗೆ ನುಗ್ಗಿದರೆ ಪಕ್ಕದ ಗಲ್ಲಿಗಳೂ ತುಂಬುತ್ತವೆ.

ಗಲ್ಲಿ ಎಷ್ಟು ಕಿರಿದಾಗಿದೆ ಅನ್ನುವುದು ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ ಮುಖ್ಯ. ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಕಾಲುವೆಗಳ ಹರಿವಿಗೆ ಒಂದು ಸೂತ್ರ ಮಂಡಿಸಿದರು. ಇಂದಿಗೂ ಚರಂಡಿ ಪೈಪಿನ ಅಳತೆ ಹಾಕುವುದು ಅದರಿಂದಲೇ. ಅದರ ಪ್ರಕಾರ ಪೈಪಿನ ಅಗಲ ಅರ್ಧವಾದರೆ ಹರಿಯುವ ನೀರು ಅರ್ಧವಾಗುವುದಿಲ್ಲ, ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ! ಕಿರಿದಾದ ಪೈಪ್ ತಿಂಗಳುಗಟ್ಟಲೆ ನಲ್ಲಿಯ ನೀರನ್ನು ಸುಮ್ನೆ ಹರಿಯಬಿಟ್ಟು, ಮಷೀನಿನ ಮುಂದೆ ಕೈಚೆಲ್ಲುವುದು ಇದಕ್ಕೇ.

ಒಳಗೆ ಕಟ್ಟಿಕೊಳ್ಳುವುದು ಏನು? ಎಣ್ಣೆಗಾಯಿ ಮಾಡಿದ ಬಾಣಲೆಯ ಜಿಡ್ಡು, ಜೋಳದ ಹಿಟ್ಟಿನ ಗಂಜಿ, ಬಟ್ಟೆಯಿಂದ ಉದುರುವ ದಾರದ ಧೂಳು. ಇವುಗಳ ಜೊತೆ ನಮ್ಮ ಬೋರಿನ ಗಡಸು ನೀರು. ಪೈಪಿನಲ್ಲಿ ಎಣ್ಣೆ ನಿಧಾನಕ್ಕೆ ಒಡೆದು ಕೊಬ್ಬಿನಾಮ್ಲವಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಅದಕ್ಕೆ ಸೇರಿದರೆ ನೀರಿನಲ್ಲಿ ಕರಗದ ಒಂದು ಬಗೆಯ ಸಾಬೂನು ತಯಾರಾಗುತ್ತದೆ. ಬಕೆಟಿನ ಅಂಚಿಗೆ ಅಂಟುವ ಬಿಳಿ ಜಿಗುಟು ಕೂಡ ಇದೇ ಜಾತಿಯದು. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನ ಚರಂಡಿಯಲ್ಲಿ ಹೀಗೆ ಬೆಳೆದ 250 ಮೀಟರ್ ಉದ್ದದ, 130 ಟನ್ ತೂಕದ ಗಡ್ಡೆ ಸಿಕ್ಕಿತ್ತು. ಅದನ್ನು ಒಡೆದು ತೆಗೆಯಲು ವಾರಗಳೇ ಹಿಡಿದವು.

ಮೊದಲು ಕಟ್ಟಿದ ಜಾಗ ಗುರುತಿಸಬೇಕು. ಬಚ್ಚಲಿನ ನೀರೂ ನಿಂತಿದ್ದರೆ, ಕಮೋಡಿನಲ್ಲಿ ಗುಳುಗುಳು ಸದ್ದು ಬಂದರೆ ತೊಂದರೆ ಹೊರಗಿನ ಮುಖ್ಯ ಲೈನಿನಲ್ಲಿ. ಅಕ್ಕನ ಮನೆಯಲ್ಲಿ ಅವೆರಡೂ ಸರಿಯಾಗಿದ್ದವು. ಹಾಗಾಗಿ ಎರಡು ಪೈಪ್ ಸೇರುವ ಜಾಗಕ್ಕೂ ಚೇಂಬರಿಗೂ ನಡುವೆಯೇ ಎಲ್ಲೋ ಇದೆ ಎಂದಾಯಿತು.

ಅಂಗಡಿಯಲ್ಲಿ ಸಿಗುವ ಆಸಿಡ್ ಸುರಿಯಬೇಡಿ, ದಯವಿಟ್ಟು. ಕಾಸ್ಟಿಕ್ ಸೋಡಾ ಹಾಕಿದ ಪೈಪಿಗೆ ಆಸಿಡ್ ಬಿದ್ದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಬ್ಲೀಚಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಕುದಿಯುವ ನೀರೂ ಬೇಡ, ಪಿವಿಸಿ ಪೈಪ್ ಮೆತ್ತಗಾಗುತ್ತದೆ.

ರಬ್ಬರ್ ಪಂಪಿನಿಂದ ಅಕ್ಕ ಆಗಲೇ ಐವತ್ತು ಸಲ ಒತ್ತಿದ್ದಳು. ಏನೂ ಆಗಿರಲಿಲ್ಲ. ಆಗುವುದೂ ಇಲ್ಲ. ಸಿಂಕಿನಲ್ಲಿ ಒತ್ತಿದ ಒತ್ತಡವೆಲ್ಲಾ ಮಷೀನಿನ ಪೈಪಿನ ಬಾಯಿಂದ ಹೊರಗೆ ಹೋಗುತ್ತಿತ್ತು, ಎರಡು ತೂತಿನ ಪಿಚಕಾರಿಯಂತೆ. ಹೋಸ್ ತೆಗೆದು, ಆ ಬಾಯಿಗೆ ಒದ್ದೆ ಬಟ್ಟೆ ತುರುಕಿ, ಅಕ್ಕನಿಗೆ ಗಟ್ಟಿಯಾಗಿ ಹಿಡಿಯಲು ಹೇಳಿದೆ. ಹತ್ತನೇ ಸಲ ಒತ್ತಿದಾಗ ನೀರು ಗುಳಕ್ಕನೆ ಒಂದು ಇಂಚು ಇಳಿದು ಮತ್ತೆ ನಿಂತಿತು.

ಆಮೇಲೆ ಹಿತ್ತಲಿನ ಚೇಂಬರ್ ತೆರೆದೆವು. ನನಗೆ ಚೇಂಬರ್ ಅಂದ ಕೂಡಲೇ ನೆನಪಾಗುವುದು ಬೀದರಿನ ನೌಬಾದ್ ಹತ್ತಿರದ ಸುರಂಗ ಬಾವಿ. ಬಹಮನಿ ಕಾಲದಲ್ಲಿ, ಹದಿನೈದನೇ ಶತಮಾನದಲ್ಲಿ, ಜಂಬಿಟ್ಟಿಗೆ ಕಲ್ಲನ್ನು ಕೊರೆದು ಎರಡು ಕಿಲೋಮೀಟರಿಗೂ ಜಾಸ್ತಿ ದೂರ ನೆಲದೊಳಗೇ ನೀರು ಹರಿಸಿದರು. ಪಂಪಿಲ್ಲ, ಬರೀ ಇಳಿಜಾರು. ಮೇಲಿಂದ ಅಲ್ಲಲ್ಲಿ ಬಾವಿಯಂಥ ಬಾಯಿಗಳು. ಗಾಳಿಗೆ, ನೀರು ಸೇದಲು, ಹೂಳು ತುಂಬಿದಾಗ ಒಳಗೆ ಇಳಿಯಲು ಅವೇ ದಾರಿ. ಕಾಣದ ಕಾಲುವೆ ಕಟ್ಟಿಕೊಳ್ಳುತ್ತದೆ ಎಂದು ಅವರಿಗೆ ಗೊತ್ತಿತ್ತು. ನಾವೋ, ಚೇಂಬರಿನ ಮುಚ್ಚಳದ ಮೇಲೆ ಶಹಾಬಾದ್ ಕಲ್ಲು ಹಾಸಿ ಸಿಮೆಂಟ್ ಬಳಿದುಬಿಡುತ್ತೇವೆ. ಅಕ್ಕನ ಮನೆಯಲ್ಲಿ ಪುಣ್ಯಕ್ಕೆ ಬಳಿದಿರಲಿಲ್ಲ.

ಚೇಂಬರ್ ಕಡೆಯಿಂದ ಪ್ಲಂಬರಿನ ಸ್ಪ್ರಿಂಗ್ ತಿರುಗಿಸುತ್ತಾ ಒಳಗೆ ಬಿಟ್ಟೆ. ಐದಾರು ಅಡಿಗೆ ಏನೋ ತಡೆಯಿತು. ಹಿಂದಕ್ಕೆ ಎಳೆದಾಗ ಹೆಬ್ಬೆರಳಿನ ದಪ್ಪದ ಬೂದು ಮುದ್ದೆ ಬಂತು. ಕಡ್ಡಿಯಿಂದ ಒತ್ತಿದರೆ ಮೇಣದ ಹಾಗೆ ಪುಡಿಯಾಯಿತು. ಒಳಗೆಲ್ಲಾ ಟವೆಲಿನ ನೀಲಿ ದಾರ. ಇನ್ನೂ ಮೂರು ಸಲ ಎಳೆದೆ. ಅಷ್ಟರಲ್ಲಿ ಒಳಗಿಂದ ಅಕ್ಕ ಕೂಗಿದಳು, "ಹೋಯ್ತು, ಹೋಯ್ತು!"

ಹೋಸ್ ಮತ್ತೆ ಸಿಕ್ಕಿಸಿ ಮಷೀನ್ ಹಚ್ಚಿದೆವು. ಇಬ್ಬರೂ ಸಿಂಕಿನ ತೂತನ್ನೇ ನೋಡುತ್ತಾ ನಿಂತೆವು. ಪಂಪ್ ಗುಂಯ್ ಎಂದಿತು. ಜಾಲರಿಯ ಕೆಳಗೆ ನೀರು ಒಮ್ಮೆ ಅಲುಗಿ ಇಳಿದುಹೋಯಿತು. ಅಕ್ಕ ಹಳೆ ಪೇಪರಿನ ಒಂದು ಹಾಳೆ ಹರಿದುಕೊಂಡು ಪರಾತದ ಹಿಟ್ಟು ಒರೆಸಲು ಶುರು ಮಾಡಿದಳು.