ಕೈಗಡಿಯಾರದ ಕ್ಯಾಲೊರಿ ಲೆಕ್ಕ

ಒಂದು ಗಂಟೆ ಬಿರುಸಾಗಿ ನಡೆದವರ ಕೈಗಡಿಯಾರದಲ್ಲಿ ಕಾಣುವ ಕ್ಯಾಲೊರಿಯ ಅಂಕಿಯನ್ನು ಯಾರೂ ಅಳೆದಿರುವುದಿಲ್ಲ. ಗಡಿಯಾರ ಅಳೆಯುವುದು ಕೈಯ ಅಲುಗಾಟವನ್ನು ಮತ್ತು ಚರ್ಮದ ಕೆಳಗೆ ಹರಿಯುವ ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುವುದರಲ್ಲಿನ ಏರಿಳಿತವನ್ನು ಮಾತ್ರ; ಅದರಿಂದ ಸಿಕ್ಕ ಹೃದಯ ಬಡಿತದ ಜೊತೆಗೆ ವಯಸ್ಸು, ತೂಕ, ಎತ್ತರಗಳನ್ನು ಸೇರಿಸಿ ಸೂತ್ರವೊಂದು ಕ್ಯಾಲೊರಿಯನ್ನು ಊಹಿಸುತ್ತದೆ.

ನಂಬಬಹುದಾದ ಅಳತೆ ಉಸಿರಿನಲ್ಲಿದೆ. ದೇಹ ಒಂದು ಲೀಟರ್ ಆಮ್ಲಜನಕವನ್ನು ಬಳಸಿದಾಗ ಕೊಬ್ಬು ಉರಿಯುತ್ತಿದ್ದರೆ ಸುಮಾರು 4.7 ಕಿಲೊಕ್ಯಾಲೊರಿ, ಕಾರ್ಬೊಹೈಡ್ರೇಟ್ ಉರಿಯುತ್ತಿದ್ದರೆ ಸುಮಾರು 5 ಕಿಲೊಕ್ಯಾಲೊರಿ ಶಕ್ತಿ ಹೊಮ್ಮುತ್ತದೆ (ರೂಢಿಯಲ್ಲಿ ನಾವು ಕ್ಯಾಲೊರಿ ಎನ್ನುವುದು ಇದನ್ನೇ). ಆದ್ದರಿಂದ ಪ್ರಯೋಗಾಲಯಗಳಲ್ಲಿ ಮುಖವಾಡ ತೊಡಿಸಿ, ಒಳಗೆ ಹೋದ ಆಮ್ಲಜನಕ ಮತ್ತು ಹೊರಬಂದ ಇಂಗಾಲದ ಡೈಆಕ್ಸೈಡ್ ಎರಡನ್ನೂ ಅಳೆಯುತ್ತಾರೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 60 ಜನರ ಮೇಲೆ ಏಳು ಮಣಿಕಟ್ಟಿನ ಸಾಧನಗಳನ್ನು ಇಂಥ ಅಳತೆಯೊಂದಿಗೆ ಹೋಲಿಸಿ ನೋಡಿದರು. ಹೃದಯ ಬಡಿತದಲ್ಲಿ ಆರು ಸಾಧನಗಳ ತಪ್ಪು ಶೇ. 5ರೊಳಗೆ ಇತ್ತು, ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮವೆನಿಸಿದ ಸಾಧನವೂ ಶೇ. 27ರಷ್ಟು, ಕೊನೆಯದು ಶೇ. 93ರಷ್ಟು ತಪ್ಪಿತ್ತು. ಇದರಲ್ಲಿ ಅಚ್ಚರಿಯೇನಿಲ್ಲ: ಸೆಕೆ, ಕಾಫಿ, ಆತಂಕ ಇವೆಲ್ಲ ಬಡಿತವನ್ನು ಏರಿಸುತ್ತವೆ, ಆದರೆ ಆಮ್ಲಜನಕದ ಬಳಕೆಯನ್ನು ಅದೇ ಪ್ರಮಾಣದಲ್ಲಿ ಏರಿಸುವುದಿಲ್ಲ.

ಗಡಿಯಾರವಿಲ್ಲದವರು 'ಮೆಟ್' ಎಂಬ ಮಾನವನ್ನು ಬಳಸಬಹುದು. ಸುಮ್ಮನೆ ಕುಳಿತಾಗಿನ ಖರ್ಚು ಒಂದು ಮೆಟ್, ಅಂದರೆ ದೇಹತೂಕದ ಪ್ರತಿ ಕಿಲೊಗ್ರಾಮಿಗೆ ಗಂಟೆಗೆ ಸುಮಾರು ಒಂದು ಕ್ಯಾಲೊರಿ. 60 ಕಿಲೊ ತೂಕದವರು 3.5 ಮೆಟ್‌ನ ನಡಿಗೆಯಲ್ಲಿ ಒಂದು ಗಂಟೆ ಕಳೆದರೆ 210 ಕ್ಯಾಲೊರಿ ಆಯಿತು. ಆದರೆ ಅವರು ಮನೆಯಲ್ಲೇ ಕುಳಿತಿದ್ದರೂ ಅದರಲ್ಲಿ 60 ಹೇಗೂ ಖರ್ಚಾಗುತ್ತಿತ್ತು. ನಡಿಗೆಯ ನಿಜವಾದ ಗಳಿಕೆ 150. ಈ ಕಳೆಯುವ ಲೆಕ್ಕವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ, ವ್ಯಾಯಾಮದ ಕ್ಯಾಲೊರಿಯನ್ನು ಊಟದಲ್ಲಿ 'ಸರಿದೂಗಿಸಲು' ಹೊರಟವರು ಎಡವುವುದು ಮುಖ್ಯವಾಗಿ ಇಲ್ಲಿಯೇ.

ಆ ಒಂದು ಮೆಟ್ ಕೂಡ ಎಲ್ಲರಿಗೂ ಒಂದೇ ಅಲ್ಲ. ಮೆಟ್‌ನ ವ್ಯಾಖ್ಯೆಯ ಪ್ರಕಾರ ವಿಶ್ರಾಂತಿಯಲ್ಲಿ ಪ್ರತಿ ಕಿಲೊಗೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ ಬೇಕು. 2005ರಲ್ಲಿ ಪ್ರಕಟವಾದ, 769 ಜನರನ್ನು ಅಳೆದ ಅಧ್ಯಯನದಲ್ಲಿ ಸಿಕ್ಕ ಸರಾಸರಿ 2.6 ಮಾತ್ರ. ಭಾರತೀಯರ ಮಟ್ಟಿಗೆ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಬಹಳ ಹಿಂದೆಯೇ ಇಲ್ಲಿನ ಗಂಡಸರ ವಿಶ್ರಾಂತಿಯ ಖರ್ಚನ್ನು ಅಳೆದು, ಅಂತರರಾಷ್ಟ್ರೀಯ ಸೂತ್ರಗಳು ಅದನ್ನು ಹೆಚ್ಚಾಗಿ ಅಂದಾಜಿಸುತ್ತವೆ ಎಂದು ತೋರಿಸಿದ್ದರು.

ಪ್ರಯೋಗಾಲಯದ ಹೊರಗೆ ಲೆಕ್ಕ ಸಾಕಷ್ಟು ನಿಖರವಾಗಿ ಸಿಗುವುದು ಪವರ್ ಮೀಟರ್ ಇರುವ ಸೈಕಲ್ಲಿನಲ್ಲಿ. ಪೆಡಲಿನ ಮೇಲೆ ಬೀಳುವ ಬಲವನ್ನೇ ಅದು ಅಳೆಯುತ್ತದೆ. ಒಂದು ಗಂಟೆ 120 ವ್ಯಾಟ್‌ನಲ್ಲಿ ತುಳಿದರೆ 432 ಕಿಲೊಜೂಲ್, ಅಂದರೆ ಸುಮಾರು 103 ಕ್ಯಾಲೊರಿಯಷ್ಟು ಕೆಲಸ ಚಕ್ರಕ್ಕೆ ತಲುಪುತ್ತದೆ. ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಶೇ. 20ರಿಂದ 25ರಷ್ಟು ಮಾತ್ರ ಕೆಲಸವಾಗಿ, ಉಳಿದದ್ದು ಶಾಖವಾಗಿ ಹೋಗುವುದರಿಂದ, ದೇಹದ ಒಟ್ಟು ಖರ್ಚು ಸರಿಸುಮಾರು 410ರಿಂದ 520 ಕ್ಯಾಲೊರಿ. ಈಜು, ಯೋಗ, ಭಾರ ಎತ್ತುವಿಕೆಗಳಲ್ಲಿ ಹೀಗೆ ಕೆಲಸವನ್ನು ನೇರವಾಗಿ ಅಳೆಯುವ ಸುಲಭ ದಾರಿಯಿಲ್ಲ. ಭಾರ ಎತ್ತುವಾಗಲಂತೂ ಉಸಿರು ಬಿಗಿಹಿಡಿದು ಬಡಿತ ಏರುವುದರಿಂದ ಮಣಿಕಟ್ಟಿನ ಅಂಕಿ ಇನ್ನಷ್ಟು ದಾರಿ ತಪ್ಪುತ್ತದೆ.