ಇವಾಂಜೆಲಿಕಲ್ ಅಂದ್ರೆ ರಿಪಬ್ಲಿಕನ್ ಅಂತಲೇ?

ಪ್ರಶ್ನೆ: ಅಮೆರಿಕದ ಇವಾಂಜೆಲಿಕಲ್ ಕ್ರೈಸ್ತರು ಅಂದ್ರೆ ರಿಪಬ್ಲಿಕನ್ ಪಕ್ಷದವರು ಅನ್ನೋ ಹಾಗೆ ಸುದ್ದಿ ಬರುತ್ತದೆ. ಅವರ ನಂಬಿಕೆಯೇ ಹಾಗಾ?

ಅಲ್ಲ. ಈ ನಂಟು ಗಟ್ಟಿಯಾಗಿದ್ದು 1980ರ ಆಸುಪಾಸಿನಲ್ಲಿ. ಬೈಬಲ್ಲೇ ಕೊನೆಯ ಮಾತು, ಯೇಸುವಿನಲ್ಲಿ ಹೊಸದಾಗಿ ಹುಟ್ಟಬೇಕು, ಸುವಾರ್ತೆ ಸಾರಬೇಕು ಅಂತ ನಂಬುವ ಪ್ರಾಟೆಸ್ಟಂಟರು ಇವರು. ಇದನ್ನೇ ನಂಬುವ ಕಪ್ಪು ಅಮೆರಿಕನ್ನರಲ್ಲಿ ಹೆಚ್ಚಿನವರು ಡೆಮಾಕ್ರಟರಿಗೆ ಓಟು ಹಾಕುತ್ತಾರೆ. ಸುದ್ದಿಯಲ್ಲಿ ಬರುವುದು ಬಿಳಿಯರ ಲೆಕ್ಕ. ಅವರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ 2016, 2020, 2024ರ ಮೂರು ಚುನಾವಣೆಯಲ್ಲೂ ರಿಪಬ್ಲಿಕನ್ ಟ್ರಂಪ್ ಕಡೆ ನಿಂತರು.

ತಮಾಷೆ ನೋಡಿ. 'ನಾನು ಹೊಸದಾಗಿ ಹುಟ್ಟಿದವನು' ಅಂತ ಹೇಳಿಕೊಂಡೇ 1976ರಲ್ಲಿ ಗೆದ್ದವರು ಡೆಮಾಕ್ರಟ್ ಜಿಮ್ಮಿ ಕಾರ್ಟರ್. ಜಾರ್ಜಿಯಾದ ಕಡಲೆಕಾಯಿ ಬೆಳೆಗಾರ, ಸಂಡೇ ಸ್ಕೂಲ್ ಮೇಷ್ಟ್ರು. ನಾಲ್ಕೇ ವರ್ಷದಲ್ಲಿ ಅವರ ಜೊತೆಗಿದ್ದವರು ಬಹಳಷ್ಟು ಜನ ರಿಪಬ್ಲಿಕನ್ ಅಭ್ಯರ್ಥಿ ರೊನಾಲ್ಡ್ ರೇಗನ್ ಕಡೆ ಹೋದರು. ರೇಗನ್ ಸಿನಿಮಾ ನಟ, ಮೊದಲ ಮದುವೆ ಮುರಿದಿತ್ತು.

ಗರ್ಭಪಾತವೇ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಆದರೆ 1971ರಲ್ಲಿ ಅಮೆರಿಕದ ಅತಿ ದೊಡ್ಡ ಪ್ರಾಟೆಸ್ಟಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟವೇ, ಅತ್ಯಾಚಾರ ಅಥವಾ ತಾಯಿಯ ಆರೋಗ್ಯದಂಥ ಸಂದರ್ಭದಲ್ಲಿ ಕಾನೂನು ಅವಕಾಶ ಕೊಡಲಿ ಅಂತ ಠರಾವು ಮಾಡಿತ್ತು! ಇವಾಂಜೆಲಿಕಲ್ ನಾಯಕರನ್ನು ಮೊದಲು ಕೆರಳಿಸಿದ್ದು ತೆರಿಗೆ ಅನ್ನುತ್ತಾರೆ ಕೆಲವು ಇತಿಹಾಸಕಾರರು. ಕಪ್ಪು ವಿದ್ಯಾರ್ಥಿಗಳ ಬಗ್ಗೆ ಭೇದ ಮಾಡುವ ಕ್ರೈಸ್ತ ಸಂಸ್ಥೆಗಳ ತೆರಿಗೆ ವಿನಾಯಿತಿಗೆ ಸರ್ಕಾರ ಕೈ ಹಾಕಿತು. 1976ರಲ್ಲಿ ಬಾಬ್ ಜೋನ್ಸ್ ವಿಶ್ವವಿದ್ಯಾಲಯ ಅದನ್ನು ಕಳೆದುಕೊಂಡಿತು. 1979ರಲ್ಲಿ ಪಾಸ್ಟರ್ ಜೆರ್ರಿ ಫಾಲ್ವೆಲ್ 'ಮಾರಲ್ ಮೆಜಾರಿಟಿ' ಅನ್ನುವ ರಾಜಕೀಯ ಸಂಘಟನೆ ಕಟ್ಟಿದರು. ಆಮೇಲೆ ಮುಂದೆ ಬಂದದ್ದು ಗರ್ಭಪಾತ. ತೆರಿಗೆ ವಿನಾಯಿತಿ ಅಂತ ಕೂಗಿ ಓಟು ಕೇಳೋದು ಕಷ್ಟ, ಅಲ್ವಾ? ಹಾಗಂತ ಇವತ್ತು ಗರ್ಭಪಾತ ವಿರೋಧಿಸುವವರು ಸುಮ್ನೆ ನಾಟಕ ಆಡುತ್ತಿದ್ದಾರೆ ಅಂತಲ್ಲ. ಬಹಳ ಜನ ಮನಸಾರೆ ನಂಬಿದ್ದಾರೆ.

ಈಗ ಮರುಯೋಚನೆ ಒಳಗಿನವರಿಂದಲೇ ಶುರುವಾಗಿದೆ. ಹೆಸರಾಂತ ಇವಾಂಜೆಲಿಕಲ್ ಬೋಧಕ ಬಿಲ್ಲಿ ಗ್ರಹಾಂ ಹುಟ್ಟುಹಾಕಿದ 'ಕ್ರಿಶ್ಚಿಯಾನಿಟಿ ಟುಡೇ' ಪತ್ರಿಕೆ, ಟ್ರಂಪ್ ಅವರನ್ನು ಇಳಿಸಬೇಕು ಅಂತ 2019ರಲ್ಲಿ ಸಂಪಾದಕೀಯ ಬರೆಯಿತು. ಟ್ರಂಪ್ ಅವರನ್ನು ಟೀಕಿಸಿದ್ದ ಹೆಸರಾಂತ ಬೋಧಕರಾದ ರಸೆಲ್ ಮೂರ್ ಮತ್ತು ಬೆತ್ ಮೂರ್ (ಹೆಸರಷ್ಟೇ ಒಂದು, ನೆಂಟರಲ್ಲ) 2021ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟದಿಂದ ಹೊರಬಂದರು. ಇಬ್ಬರೂ ಈಗಲೂ ಬೈಬಲ್ ಬೋಧಿಸುತ್ತಾರೆ.

ಕಾರ್ಟರ್ ಅದಕ್ಕೂ ಮೊದಲೇ, 2000ದಲ್ಲಿ, ಒಕ್ಕೂಟ ಬಿಟ್ಟಿದ್ದರು. ಹೆಂಗಸರು ಪಾಸ್ಟರ್ ಆಗಬಾರದು ಅನ್ನುವಂಥ ನಿಲುವು ಅವರಿಗೆ ಹಿಡಿಸಲಿಲ್ಲ. ಆದರೆ 90 ದಾಟಿದ ಮೇಲೂ ಪ್ಲೇನ್ಸ್ ಊರಿನ ಪುಟ್ಟ ಚರ್ಚಿನಲ್ಲಿ ಸಂಡೇ ಸ್ಕೂಲ್ ಪಾಠ ಮಾಡುತ್ತಿದ್ದರು. ಕೇಳೋಕೆ ಜನ ಬೆಳಕು ಹರಿಯುವ ಮೊದಲೇ ಬಂದು ಸಾಲು ನಿಲ್ಲುತ್ತಿದ್ದರು.