ಸಂಪಿಗೆಯಂತೆ ಕಂಡ ಮಲ್ಲಿಗೆ

ಉಡುಪಿಯ ಬಳಿಯ ಒಂದು ಗುತ್ತಿನ ಮನೆಯ ಚಾವಡಿಯಲ್ಲಿದ್ದ ತೈಲಚಿತ್ರವನ್ನು ಶುಚಿಗೊಳಿಸಲು ನನ್ನ ಬಳಿಗೆ ತಂದಿದ್ದರು. ಹಸಿರು ಸೀರೆ, ಕಿವಿಯಲ್ಲಿ ಬೆಂಡೋಲೆ, ಮುಡಿಯಲ್ಲಿ ಹೂವು, ಕಂದು ಕತ್ತಲೆಯೊಳಗಿಂದ ಕಾಣುವ ಮುಖ. “ನಮ್ಮ ಅಜ್ಜಿ ಬಹಳ ನೊಂದವರು. ಚಿತ್ರದಲ್ಲಿಯೂ ಅದು ಕಾಣುತ್ತದಲ್ಲವೇ?” ಎಂದು ಮೊಮ್ಮಗ ಕೇಳಿದರು.

ಮುಖಕ್ಕಿಂತ ಮೊದಲು ನಾನು ಹೂವನ್ನು ನೋಡಿದೆ. ಒತ್ತಾಗಿ ಕಟ್ಟಿದ ಮೊಗ್ಗುಗಳು, ಶಂಕರಪುರ ಮಲ್ಲಿಗೆಯೇ ಸರಿ. ಆದರೆ ಬಣ್ಣ ಸಂಪಿಗೆಯದು. ಬಿಳಿಯಾಗಿರಲೇಬೇಕಾದದ್ದು ಹಳದಿಯಾಗಿದ್ದರೆ ಉಳಿದ ಯಾವ ಬಣ್ಣವನ್ನೂ ಕಂಡಂತೆ ನಂಬಬಾರದು. ತೈಲಚಿತ್ರದ ರಕ್ಷಣೆಗೆ ಬಳಿಯುವ ರಾಳದ ವಾರ್ನಿಶ್ ವರ್ಷ ಕಳೆದಂತೆ ಹಳದಿಗಟ್ಟಿ ಕಂದಾಗುತ್ತದೆ. ದೀಪದ ಹೊಗೆ ಅದರ ಮೇಲೆ ಕೂರುತ್ತದೆ. ಆಗ ನೀಲಿ ಹಸಿರಾಗಿ ಕಾಣುತ್ತದೆ, ಕೆನ್ನೆಯ ಗುಲಾಬಿ ಮಾಸುತ್ತದೆ, ನೆರಳಿನ ಹತ್ತಾರು ಛಾಯೆಗಳು ಸೇರಿ ಒಂದೇ ಕಪ್ಪಾಗುತ್ತವೆ. ನೋಡುವವರು ಅದನ್ನು ದುಃಖ ಎನ್ನುತ್ತಾರೆ.

ಹಾಗೆಂದು ಹಳದಿಯೆಲ್ಲ ವಾರ್ನಿಶ್‌ನದಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವನ್ನು ನೆನಪಿಸಿಕೊಳ್ಳಿ. ಅದು ರವಿವರ್ಮನದೆಂದು ಈಗಲೂ ಹಲವರು ತಿಳಿದಿದ್ದಾರೆ; ಬರೆದವರು ಎಸ್.ಎಲ್. ಹಲ್ದಂಕರ್, ರೂಪದರ್ಶಿ ಅವರ ಮಗಳು ಗೀತಾ, ಮಾಧ್ಯಮ ಜಲವರ್ಣ. ಅಲ್ಲಿನ ಹೊಂಬಣ್ಣ ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳಲ್ಲಿ ಕೆಂಪೇರಿ, ಮುಖದಲ್ಲಿ ಬೆಚ್ಚಗೆ ನಿಂತು, ಸೀರೆಯ ನೆರಿಗೆಗಳಿಗೆ ಇಳಿಯುವಾಗ ತಣ್ಣಗಾಗುತ್ತದೆ. ಕಲಾವಿದ ಇಟ್ಟ ಹಳದಿ ದೀಪದಿಂದ ದೂರ ಸರಿದಂತೆ ಆರುತ್ತದೆ. ಕಾಲ ಬಳಿದ ಹಳದಿಗೆ ಹೂವು, ಹಣೆ, ಗೋಡೆ ಎಂಬ ಭೇದವೇ ಇಲ್ಲ.

ಒಣಗಿದ ಎಣ್ಣೆಬಣ್ಣವನ್ನು ಮುಟ್ಟದೆ ವಾರ್ನಿಶ್ ಮಾತ್ರ ಕರಗಿಸುವ ದ್ರಾವಣವನ್ನು ಚಿತ್ರದ ಮೂಲೆಯಲ್ಲಿ ಪರೀಕ್ಷಿಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಬೆರಳಗಲದಷ್ಟೇ ಒರೆಸುತ್ತಾ ಬಂದೆ. (ಮನೆಯಲ್ಲಿ ಒದ್ದೆ ಬಟ್ಟೆಯನ್ನೋ ಹೆಚ್ಚಿದ ಆಲೂಗಡ್ಡೆಯನ್ನೋ ಉಜ್ಜಬೇಡಿ ಎಂದು ಕೈಮುಗಿದು ಕೇಳುತ್ತೇನೆ.) ಮಲ್ಲಿಗೆ ಬೆಳ್ಳಗಾಯಿತು, ಸೀರೆ ನೀಲಿಯಾಯಿತು. ಮುಖ ನಗಲಿಲ್ಲ, ಆದರೆ ಅದು ನೊಂದ ಮುಖವೂ ಆಗಿರಲಿಲ್ಲ.

ಹಣೆ ಮತ್ತು ಮೂಗಿನ ತುದಿಯಲ್ಲಿ ಬಣ್ಣ ದಪ್ಪ; ನೆರಳಿನ ಕೆನ್ನೆಯಲ್ಲಿ ಕ್ಯಾನ್ವಾಸಿನ ನೇಯ್ಗೆ ಕಾಣುವಷ್ಟು ತೆಳು. ಆ ಕೆನ್ನೆಯ ಅಂಚು ಹಿನ್ನೆಲೆಯಲ್ಲಿ ಕರಗಿಹೋಗಿದೆ. ತುಟಿಯ ಕೊನೆಗಳನ್ನೂ ಗೆರೆ ಎಳೆದು ಮುಗಿಸಿಲ್ಲ. ಖಚಿತವಾದ ಅಂಚಿರುವುದು ಎರಡೇ ಕಡೆ, ಬೆಂಡೋಲೆಗೆ ಮತ್ತು ಬೆಳಕಿನ ಬದಿಯ ಕಣ್ಣಿನ ರೆಪ್ಪೆಗೆ. ಹಾಗಾಗಿ ನಮ್ಮ ನೋಟ ಆ ಕಣ್ಣಿಗೇ ಹೋಗಿ ನಿಲ್ಲುತ್ತದೆ. ಆ ಕಣ್ಣಾದರೋ ನಮ್ಮ ಭುಜದಾಚೆ ಏನನ್ನೋ ಗಮನಿಸುತ್ತಿದೆ. ಅಂಗಳದಲ್ಲಿ ಭತ್ತ ಅಳೆಯುವವರ ಮೇಲೆ ಕಣ್ಣಿಟ್ಟ ಮನೆಯೊಡತಿಯ ಎಚ್ಚರ ಅದು ಎನಿಸಿತು. ಅಂಗಳ, ಭತ್ತ ನನ್ನ ಊಹೆ. ಎಚ್ಚರ ಮಾತ್ರ ಕುಂಚದ್ದು.

ಮೊಮ್ಮಕ್ಕಳು ಗಲಿಬಿಲಿಗೊಂಡರು. ಜೊತೆಗೆ ಬಂದಿದ್ದ ಹಿರಿಯ ಮಗಳು, ಎಂಬತ್ತು ದಾಟಿದವರು, ಕುರ್ಚಿಯನ್ನು ಚಿತ್ರದ ಹತ್ತಿರಕ್ಕೆ ಎಳೆಸಿಕೊಂಡು ಕುಳಿತರು. “ಅಮ್ಮನ ಸೀರೆ ನೀಲಿ ಎಂದು ನಾನು ಹೇಳುತ್ತಲೇ ಇದ್ದೆ. ನೀವು ಯಾರು ಕೇಳಿದಿರಿ?”